ಬೆಳಿಗ್ಗೆ ಜಿಮ್, ಏಳರ ಗಾಡಿ, ರಾತ್ರಿ ಸ್ಕಿಪ್ಪಿಂಗ್: ಮೈ ಯಾಕೆ ಕೈಕೊಡುತ್ತಿದೆ?

ಪ್ರಶ್ನೆ: ನನಗೆ 29 ವರ್ಷ. ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ, ಕೆಲಸ ಬೆಂಗಳೂರಿನ ಯಶವಂತಪುರದ ಕಡೆ. ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಓಡಾಡುತ್ತೇನೆ. ಐದು ತಿಂಗಳ ಹಿಂದೆ ಜಿಮ್ ಸೇರಿದೆ. ಮೊದಲು ವಾರಕ್ಕೆ ನಾಲ್ಕು ದಿನ, ಮುಕ್ಕಾಲು ಗಂಟೆ ಮಾಡುತ್ತಿದ್ದೆ. ಈಗ ಸೋಮವಾರದಿಂದ ಶನಿವಾರದವರೆಗೆ ದಿನಾ ಬೆಳಿಗ್ಗೆ 5ರಿಂದ 6.15. ಅದರಲ್ಲಿ ಸೋಮವಾರ ಲೆಗ್ ಡೇ, ಅಂದರೆ ಕಾಲಿನ ವ್ಯಾಯಾಮದ ದಿನ. ವಾರಕ್ಕೆ ಐದು ರಾತ್ರಿ ಅರ್ಧ ಗಂಟೆ ಸ್ಕಿಪ್ಪಿಂಗ್. ಭಾನುವಾರ ದೇವರಾಯನದುರ್ಗ ಹತ್ತಿ ಇಳಿಯುತ್ತೇನೆ, ಎರಡೂವರೆ ಗಂಟೆ. 80 ಕೆಜಿ ಇದ್ದವನು 74ಕ್ಕೆ ಬಂದೆ. ಖುಷಿಯಾಗಿತ್ತು. ಆದರೆ ಆರು ವಾರದಿಂದ ಏನೋ ಸರಿಯಿಲ್ಲ. 60 ಕೆಜಿ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ತೂಕ ಎತ್ತುವುದು) ಎಂಟು ಸಲ ಎತ್ತುತ್ತಿದ್ದವನಿಗೆ ಈಗ ಐದಕ್ಕೇ ಕೈ ನಡುಗುತ್ತದೆ. ಕಾಲು ಭಾರ. ಹನ್ನೊಂದೂವರೆಗೆ ಮಲಗಿದರೂ ನಿದ್ದೆ ಬರಲ್ಲ, ನಾಲ್ಕೂವರೆಗೆ ಅಲಾರಂ. ಎರಡು ಸಲ ನೆಗಡಿ ಬಂತು. ಮನೆಯಲ್ಲಿ ಸುಮ್ಮಸುಮ್ಮನೆ ರೇಗುತ್ತೇನಂತೆ. ಬೆಳಿಗ್ಗೆ ನಾಡಿ 64 ಇದ್ದದ್ದು ಈಗ 74ರ ಆಸುಪಾಸು. ಟ್ರೇನರ್ ಹೇಳಿದಂತೆ ರಾತ್ರಿ ಮುದ್ದೆ, ಅನ್ನ ಬಿಟ್ಟಿದ್ದೇನೆ. ಜಿಮ್‌ಗೆ ಮುಂಚೆ ಪ್ರೀ-ವರ್ಕೌಟ್ ಪುಡಿ ಒಂದು ಸ್ಕೂಪ್, ಸ್ಕಿಪ್ಪಿಂಗ್‌ಗೆ ಮುಂಚೆ ಇನ್ನೊಂದು. ಅಮ್ಮ ಜಿಮ್ಮೇ ಬಿಡು ಅಂತಾರೆ. ಎರಡು ತಿಂಗಳಲ್ಲಿ 10 ಕಿ.ಮೀ. ಓಟವೊಂದಕ್ಕೆ ಹೆಸರು ಕೊಟ್ಟಿದ್ದೇನೆ. ಇದು ಓವರ್‌ಟ್ರೇನಿಂಗಾ? ಬಿಡಬೇಕಾ, ಇನ್ನೂ ಗಟ್ಟಿಯಾಗಿ ಮಾಡಬೇಕಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಇನ್ನೂ ಗಟ್ಟಿಯಾಗಿ ಮಾಡುವ ಮಾತಂತೂ ಬೇಡ. ಪೂರ್ತಿ ಬಿಡುವ ಅಗತ್ಯವೂ ಇಲ್ಲ. ಆದರೆ ನಾಳೆಯಿಂದ ಹತ್ತು ದಿನ ಜಿಮ್ ಕಡೆ ತಲೆ ಹಾಕಬೇಡಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮನ್ನು ಕಣ್ಣಾರೆ ನೋಡಿ ಪರೀಕ್ಷೆ ಮಾಡಿಲ್ಲ, ಪತ್ರದಲ್ಲಿ ಇರುವುದರ ಮೇಲೆ ಹೇಳುತ್ತಿದ್ದೇನೆ ಅನ್ನುವುದು ನೆನಪಿರಲಿ.

ನೀವು ಬರೆದ ದಿನಚರಿಯನ್ನು ಒಂದು ಹಾಳೆಯ ಮೇಲೆ ಗಂಟೆಗಂಟೆಯಾಗಿ ಬರೆದುಕೊಂಡೆ. ನಾಲ್ಕೂವರೆಗೆ ಏಳುವುದು. ಐದಕ್ಕೆ ಜಿಮ್. ಸ್ನಾನ, ಬಾಯಿಗೆ ಏನೋ ಒಂದಿಷ್ಟು, ಏಳರ ಗಾಡಿ. ತುಮಕೂರಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಸೀಟು ಸಿಕ್ಕರೆ ಪುಣ್ಯ, ಇಲ್ಲದಿದ್ದರೆ ಬಾಗಿಲ ಹತ್ತಿರ ಕಂಬಿ ಹಿಡಿದು ನಿಲ್ಲುವುದು. ಸಂಜೆ ಅದೇ ದಾರಿಯಲ್ಲಿ ವಾಪಸ್. ಮನೆ ಸೇರುವಾಗ ಎಂಟು ದಾಟಿರುತ್ತದೆ. ಆಮೇಲೆ ಹಗ್ಗ ಹಿಡಿದು ಕುಣಿಯುವುದು. ಆಮೇಲೆ ಊಟ, ಫೋನು, ಹನ್ನೊಂದೂವರೆ. ಐದು ಗಂಟೆ ಹಾಸಿಗೆಯಲ್ಲಿದ್ದೀರಿ, ನಿದ್ದೆ ಅದಕ್ಕಿಂತ ಕಡಿಮೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು. ವ್ಯಾಯಾಮ ಮಾಡುವವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇದ್ದರೆ ಒಳ್ಳೆಯದು.

ಜನ ಓವರ್‌ಟ್ರೇನಿಂಗ್ ಅಂದರೆ ವ್ಯಾಯಾಮ ಅತಿಯಾಯಿತು ಎಂದಷ್ಟೇ ತಿಳಿಯುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿಯ ವ್ಯಾಯಾಮ ಅಂಥ ಅತಿಯೇನೂ ಇರುವುದಿಲ್ಲ. ಅದೇ ಕೆಲಸವನ್ನು ಎಂಟು ಗಂಟೆ ಮಲಗಿ, ಹೊಟ್ಟೆ ತುಂಬ ಉಂಡು ಮಾಡುವವನಿಗೆ ಏನೂ ಆಗುವುದಿಲ್ಲ. ರೈಲಿನಲ್ಲಿ ನಿಂತ ದಣಿವು, ಆಫೀಸಿನ ತಲೆಬಿಸಿ, ಕಟ್ಟಬೇಕಾದ ಸಾಲದ ಕಂತು, ಬೆಂಚ್ ಪ್ರೆಸ್ಸಿನ ದಣಿವು ಎಂದು ದೇಹ ಬೇರೆ ಬೇರೆ ಲೆಕ್ಕ ಇಡುವುದಿಲ್ಲ. ಎಲ್ಲವೂ ಒಂದೇ ಕಡೆ ಸೇರುತ್ತವೆ. ನಮ್ಮ ಕಡೆಯವರಿಗೆ ಬೋರ್‌ವೆಲ್ ಉದಾಹರಣೆ ಸಾಕು: ಮಳೆ ಇಂಗುವುದಕ್ಕಿಂತ ಜಾಸ್ತಿ ಎತ್ತಿದರೆ ನೀರು ಕೆಳಗೆ ಹೋಗುತ್ತದೆ, ಆಗ ಇನ್ನೂ ದೊಡ್ಡ ಮೋಟಾರ್ ಇಳಿಸಿದರೆ ಬರುವುದು ಗಾಳಿ. ನಿಮ್ಮ ಪ್ರೀ-ವರ್ಕೌಟ್ ಪುಡಿ ಆ ದೊಡ್ಡ ಮೋಟಾರು.

ಇದಕ್ಕೊಂದು ಶಾಸ್ತ್ರವೂ ಇದೆ. 2013ರಲ್ಲಿ ಯುರೋಪಿನ ಮತ್ತು ಅಮೆರಿಕದ ಎರಡು ದೊಡ್ಡ ಕ್ರೀಡಾ ವಿಜ್ಞಾನ ಸಂಸ್ಥೆಗಳು ಸೇರಿ ಒಂದು ಒಮ್ಮತದ ಹೇಳಿಕೆ ಹೊರಡಿಸಿದವು. ಅದರ ಪ್ರಕಾರ ಇದರಲ್ಲಿ ಮೂರು ಹಂತ. ಮೊದಲನೆಯದು ಬೇಕೆಂದೇ ಕೆಲವು ದಿನ ಜಾಸ್ತಿ ಮಾಡಿ ದಣಿಯುವುದು. ಕೆಲವು ದಿನ, ಹೆಚ್ಚೆಂದರೆ ಎರಡು ವಾರ ಬಿಡುವು ಕೊಟ್ಟರೆ ಮೊದಲಿಗಿಂತ ಚುರುಕಾಗುತ್ತೀರಿ. ಆಟಗಾರರು ಸ್ಪರ್ಧೆಗೆ ಮುಂಚೆ ಇದನ್ನು ಲೆಕ್ಕ ಹಾಕಿಯೇ ಮಾಡುತ್ತಾರೆ. ಎರಡನೆಯದರಲ್ಲಿ ದಣಿವು ಉಳಿದುಬಿಡುತ್ತದೆ. ಶಕ್ತಿ ಇಳಿಯುತ್ತದೆ, ಮನಸ್ಸು ಕೆಡುತ್ತದೆ, ಚೇತರಿಸಿಕೊಳ್ಳಲು ಹಲವು ವಾರದಿಂದ ತಿಂಗಳುಗಳು ಬೇಕು. ಇದರಿಂದ ಲಾಭ ಏನೂ ಇಲ್ಲ. ಮೂರನೆಯದೇ ನಿಜವಾದ ಓವರ್‌ಟ್ರೇನಿಂಗ್ ಸಿಂಡ್ರೋಮ್. ಅದಕ್ಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ತಮಾಷೆ ಏನೆಂದರೆ, ಎರಡನೆಯದಾ ಮೂರನೆಯದಾ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ. ಬಿಡುವು ಕೊಟ್ಟ ಮೇಲೆ ಎಷ್ಟು ಬೇಗ ಸರಿಹೋದಿರಿ ಅನ್ನುವುದರಿಂದಲೇ ಗೊತ್ತಾಗಬೇಕು. ಆರು ವಾರದ ಇಳಿತ ನೋಡಿದರೆ ನೀವು ಎರಡನೇ ಹಂತದಲ್ಲಿದ್ದೀರಿ ಎಂದು ನನ್ನ ಅಂದಾಜು. ಜಿಮ್‌ಗೆ ಹೋಗುವ ನಮ್ಮ ಊರಿನ ಹುಡುಗರಲ್ಲಿ ಮೂರನೆಯದು ಅಪರೂಪ. ಎರಡನೆಯದು ಬೇಕಾದಷ್ಟಿದೆ.

ಈಗ ನಿಮ್ಮ ವಾರವನ್ನೇ ಲೆಕ್ಕ ಹಾಕೋಣ. ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವ್ಯಾಯಾಮ ವಿಜ್ಞಾನಿ ಬಳಕೆಗೆ ತಂದ ಸುಲಭದ ವಿಧಾನವೊಂದಿದೆ. ವಾಚು, ಆ್ಯಪು ಏನೂ ಬೇಡ. ವ್ಯಾಯಾಮ ಮುಗಿಸಿ ಅರ್ಧ ಗಂಟೆ ಆದ ಮೇಲೆ, ಒಟ್ಟಾರೆ ಎಷ್ಟು ಕಷ್ಟವಾಯಿತು ಅಂತ ಸೊನ್ನೆಯಿಂದ ಹತ್ತರೊಳಗೆ ನೀವೇ ಅಂಕ ಕೊಟ್ಟುಕೊಳ್ಳಿ. ಸೊನ್ನೆ ಅಂದರೆ ಸುಮ್ನೆ ಕೂತಂತೆ, ಹತ್ತು ಅಂದರೆ ಇನ್ನು ಸಾಧ್ಯವೇ ಇಲ್ಲ ಅನ್ನುವಂತೆ. ಆ ಅಂಕವನ್ನು ನಿಮಿಷಗಳಿಂದ ಗುಣಿಸಿ. ಅಷ್ಟೇ.

ನಿಮ್ಮ ಜಿಮ್ 75 ನಿಮಿಷ. ನಿಮ್ಮ ಪತ್ರದ ಧಾಟಿ ನೋಡಿದರೆ ಎಂಟು ಅಂಕ ಇರಬಹುದು. 600 ಆಯಿತು. ಆರು ದಿನಕ್ಕೆ 3600. ಸ್ಕಿಪ್ಪಿಂಗ್ ಅರ್ಧ ಗಂಟೆ, ಆರು ಅಂಕ, ದಿನಕ್ಕೆ 180, ಐದು ರಾತ್ರಿಗೆ 900. ದೇವರಾಯನದುರ್ಗ 150 ನಿಮಿಷ, ಏಳು ಅಂಕ, 1050. ಒಟ್ಟು 5550. ಮೊದಲ ತಿಂಗಳು ಎಷ್ಟಿತ್ತು? 45 ನಿಮಿಷ, ಐದು ಅಂಕ, ನಾಲ್ಕು ದಿನ: 900. ಐದು ತಿಂಗಳಲ್ಲಿ ಆರು ಪಟ್ಟು ಏರಿಸಿದ್ದೀರಿ. ಅದೂ ಮಧ್ಯೆ ಒಂದು ವಾರವೂ ಇಳಿಸದೆ.

ಒಟ್ಟು ಮೊತ್ತಕ್ಕಿಂತ ನನಗೆ ಜಾಸ್ತಿ ಕಾಡಿದ್ದು ಇನ್ನೊಂದು. ಏಳು ದಿನದಲ್ಲಿ ಹಗುರವಾದ ದಿನ ಒಂದೂ ಇಲ್ಲ. ಐದು ದಿನ 780, ಶನಿವಾರ 600, ರಜೆ ಅಂದುಕೊಂಡ ಭಾನುವಾರ 1050. ಎಲ್ಲರೂ ದಣಿವಾರಿಸಿಕೊಳ್ಳುವ ದಿನವೇ ನಿಮಗೆ ಎಲ್ಲಕ್ಕಿಂತ ಭಾರದ ದಿನ. ಒಂದೇ ಸಮನೆ ಗಟ್ಟಿಯಾಗಿರುವ ವಾರ, ಏರಿಳಿತ ಇರುವ ವಾರಕ್ಕಿಂತ ಬೇಗ ಸುಸ್ತು ಮಾಡುತ್ತದೆ ಎಂದು ಫಾಸ್ಟರ್ ಕೂಡ ಗುರುತಿಸಿದ್ದರು.

ಬೆಟ್ಟದ ವಿಷಯಕ್ಕೆ ಬಂದರೆ ಇನ್ನೊಂದು ಮಾತು. ಹತ್ತುವಾಗ ಏದುಸಿರು ಬರುತ್ತದೆ, ಆದ್ದರಿಂದ ಹತ್ತುವುದೇ ಕಷ್ಟ ಅಂದುಕೊಳ್ಳುತ್ತೇವೆ. ತೊಡೆಗೆ ಪೆಟ್ಟು ಬೀಳುವುದು ಇಳಿಯುವಾಗ. ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಹೀಗೆ ಹಿಗ್ಗುತ್ತಾ ಕೆಲಸ ಮಾಡುವಾಗಲೇ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಗಾಯ ಆಗುವುದು ಜಾಸ್ತಿ. ಆ ನೋವು ತಕ್ಷಣ ಬರುವುದಿಲ್ಲ, 24ರಿಂದ 72 ಗಂಟೆಯೊಳಗೆ ಜೋರಾಗುತ್ತದೆ. ನೀವು ಭಾನುವಾರ ಬೆಟ್ಟ ಇಳಿದು, ಸೋಮವಾರ ಬೆಳಿಗ್ಗೆ ಐದಕ್ಕೆ ಲೆಗ್ ಡೇ ಇಟ್ಟುಕೊಂಡಿದ್ದೀರಿ! ನೋವು ಏರುತ್ತಿರುವ ಹೊತ್ತಿಗೆ ಸರಿಯಾಗಿ ಸ್ಕ್ವಾಟ್, ಅಂದರೆ ತೂಕ ಹೊತ್ತು ಬಸ್ಕಿ. ಕಾಲು ಭಾರ ಅನ್ನಿಸುವುದರಲ್ಲಿ ಆಶ್ಚರ್ಯ ಏನಿದೆ? ಮಧುಗಿರಿ ಬೆಟ್ಟ ಇಳಿದವರು ಮಾರನೇ ದಿನ ಮನೆ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವುದನ್ನು ನೋಡಿದ್ದೀರಲ್ಲ, ಅದೇ.

ನಾಡಿಯನ್ನು ಅಳೆದು ಇಟ್ಟುಕೊಂಡಿದ್ದು ಒಳ್ಳೆಯ ಕೆಲಸ. ಎದ್ದ ಕೂಡಲೇ, ಹಾಸಿಗೆಯಲ್ಲೇ ಮಲಗಿದ್ದು, ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಅಲಾರಂ ಹೊಡೆದು ಬೆಚ್ಚಿಬಿದ್ದ ಕ್ಷಣದಲ್ಲಿ ಬೇಡ, ಸ್ವಲ್ಪ ಸುಧಾರಿಸಿಕೊಂಡು. ನಿಮ್ಮ ಮಾಮೂಲಿ ಲೆಕ್ಕಕ್ಕಿಂತ ಐದರಿಂದ ಹತ್ತು ಜಾಸ್ತಿ ಹಲವು ದಿನ ಇದ್ದರೆ ಎಚ್ಚರ ಆಗಬೇಕು. ಆದರೆ ನಾಡಿ ಒಂದನ್ನೇ ನಂಬಿ ಕೂರಬೇಡಿ. ಜ್ವರ, ಬಿಸಿಲು, ಹಿಂದಿನ ರಾತ್ರಿಯ ಪಾರ್ಟಿ, ನಿದ್ದೆಗೇಡು, ಎಲ್ಲದಕ್ಕೂ ಅದು ಏರುತ್ತದೆ. ಬಹಳ ಕಾಲ ದಣಿದ ಕೆಲವು ದೂರದ ಓಟಗಾರರಲ್ಲಿ ನಾಡಿ ಇಳಿಯುವುದೂ ಉಂಟು. ನನ್ನನ್ನು ಕೇಳಿದರೆ ನಾಡಿಗಿಂತ ನಂಬಬೇಕಾದ ಗುರುತು ಎರಡು. ಒಂದು, ಅದೇ ತೂಕ, ಅದೇ ದೂರ, ಹಿಂದಿಗಿಂತ ಕಷ್ಟ ಆಗುವುದು, ಅದೂ ವಾರಗಟ್ಟಲೆ. ಇನ್ನೊಂದು, ಮನಸ್ಸು. ಮನೆಯವರ ಮೇಲೆ ರೇಗುವುದು, ಜಿಮ್ ಬ್ಯಾಗ್ ನೋಡಿದರೆ ಬೇಸರ, ಇಷ್ಟದ ಕ್ರಿಕೆಟ್ ಮ್ಯಾಚೂ ಬೇಡ ಅನ್ನಿಸುವುದು. ಇದು ಎಷ್ಟೋ ಸಲ ಮೈ ನೋವಿಗಿಂತ ಮೊದಲು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಅಮ್ಮನ ಮಾತನ್ನು ಅರ್ಧ ಆದರೂ ಕೇಳಿ. ನೀವು ರೇಗುವುದು ನಿಮಗಿಂತ ಮೊದಲು ಅವರಿಗೆ ಗೊತ್ತಾಗಿದೆ ಅಲ್ವಾ?

ಪುಡಿಯ ವಿಷಯ. ಪ್ರೀ-ವರ್ಕೌಟ್ ಡಬ್ಬಿಗಳಲ್ಲಿ ಮುಖ್ಯವಾಗಿ ಕೆಲಸ ಮಾಡುವುದು ಕೆಫೀನ್. ಒಂದು ಸ್ಕೂಪಿನಲ್ಲಿ 150ರಿಂದ 300 ಮಿಲಿಗ್ರಾಂ ಇರುವುದು ಸಾಮಾನ್ಯ. ನಿಮ್ಮ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಆರೋಗ್ಯವಂತರಿಗೆ ಇಡೀ ದಿನಕ್ಕೆ, ಕಾಫಿ ಟೀ ಎಲ್ಲ ಸೇರಿ, 400 ಮಿಲಿಗ್ರಾಂ ಮಿತಿ ಎನ್ನುತ್ತಾರೆ. ನೀವು ಎರಡು ಸ್ಕೂಪಿನಲ್ಲೇ ಅದನ್ನು ಮುಟ್ಟಿರಬಹುದು. ಮೇಲೆ ಆಫೀಸಿನ ಕಾಫಿ ಬೇರೆ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಎಂಟೂವರೆಗೆ 200 ಮಿಲಿಗ್ರಾಂ ಒಳಗೆ ಹೋದರೆ, ಒಂದೂವರೆಗೆ ಇನ್ನೂ 100 ಉಳಿದಿರುತ್ತದೆ. ಹನ್ನೊಂದೂವರೆಗೆ ಕಣ್ಣು ಮುಚ್ಚಿದರೆ ನಿದ್ದೆ ಎಲ್ಲಿಂದ ಬರಬೇಕು? ಆಮೇಲೆ ಆ ನಿದ್ದೆಗೇಡಿನ ಮಂಕು ಹೋಗಲಾಡಿಸಲು ಬೆಳಿಗ್ಗೆ ಮತ್ತೆ ಸ್ಕೂಪು. ಇವತ್ತೇ ರಾತ್ರಿಯದನ್ನು ನಿಲ್ಲಿಸಿ. ಬೆಳಗಿನದನ್ನು ಮೂರ್ನಾಲ್ಕು ದಿನದಲ್ಲಿ ಅರ್ಧ, ಕಾಲು ಮಾಡುತ್ತಾ ಬಿಡಿ. ಒಮ್ಮೆಲೇ ಬಿಟ್ಟರೆ ಒಂದೆರಡು ದಿನ ತಲೆನೋವು ಬರಬಹುದು, ಹೆದರಬೇಡಿ.

ಊಟ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ತುಮಕೂರಿನಲ್ಲಿ ಹುಟ್ಟಿ ಮುದ್ದೆ ಬಿಡುವುದು ಅಂದರೇನು? ಸಿಟ್ಟು ಬದಿಗಿಟ್ಟು ಲೆಕ್ಕ ನೋಡೋಣ. ಸ್ನಾಯು ಜೋರಾಗಿ ದುಡಿಯುವಾಗ ಮೊದಲು ಉರಿಸುವುದು ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್. ಅದು ತಯಾರಾಗುವುದು ಅನ್ನ, ಮುದ್ದೆ, ಚಪಾತಿಯ ಪಿಷ್ಟದಿಂದ. ನಿಮ್ಮಷ್ಟು ವ್ಯಾಯಾಮ ಮಾಡುವವನಿಗೆ ಪ್ರತಿ ಕೆಜಿ ಮೈತೂಕಕ್ಕೆ ನಾಲ್ಕೈದು ಗ್ರಾಂ ಪಿಷ್ಟ ಬೇಕು. 74 ಕೆಜಿಗೆ ಹತ್ತಿರಹತ್ತಿರ 300ರಿಂದ 370 ಗ್ರಾಂ. ರಾತ್ರಿ ಮುದ್ದೆಯೂ ಇಲ್ಲ, ಅನ್ನವೂ ಇಲ್ಲ ಅಂದ ಮೇಲೆ ಅದರ ಅರ್ಧವಾದರೂ ಸಿಗುತ್ತಿದೆಯಾ ಅನ್ನುವುದು ನನ್ನ ಅನುಮಾನ. ರಾತ್ರಿ ತುಂಬಿಸದೆ ಬೆಳಿಗ್ಗೆ ಐದಕ್ಕೆ ಖಾಲಿ ಮಾಡಲು ಹೋಗುತ್ತಿದ್ದೀರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65ರಿಂದ 70 ಗ್ರಾಂ ಪಿಷ್ಟ, ಸುಮಾರು 7 ಗ್ರಾಂ ಪ್ರೋಟೀನ್, ಜೊತೆಗೆ 340 ಮಿಲಿಗ್ರಾಂ ಮೀರಿದ ಕ್ಯಾಲ್ಸಿಯಂ. ಇಷ್ಟು ಕ್ಯಾಲ್ಸಿಯಂ ಅಕ್ಕಿಯಲ್ಲೂ ಇಲ್ಲ, ಗೋಧಿಯಲ್ಲೂ ಇಲ್ಲ. ರಾತ್ರಿ ಒಂದು ಮುದ್ದೆ, ಹುರುಳಿಕಾಳಿನ ಸಾರೋ ಮೊಟ್ಟೆ ಸಾರೋ, ಒಂದು ಲೋಟ ಮಜ್ಜಿಗೆ. ಪ್ರೋಟೀನ್ ದಿನಕ್ಕೆ 90ರಿಂದ 115 ಗ್ರಾಂ ಸಾಕು. ಬೆಳಿಗ್ಗೆ ಜಿಮ್‌ಗೆ ಮುಂಚೆ ಒಂದು ಬಾಳೆಹಣ್ಣು. ಕ್ಯಾತ್ಸಂದ್ರದಲ್ಲಿದ್ದೀರಿ, ಜಿಮ್ ಆದ ಮೇಲೆ ತಟ್ಟೆ ಇಡ್ಲಿ ಎರಡು ತಿಂದು ಗಾಡಿ ಹತ್ತಿ, ಯಾರೂ ತಪ್ಪು ತಿಳಿಯುವುದಿಲ್ಲ. ಬೆಣ್ಣೆ ಮಾತ್ರ ದಿನಾ ಬೇಡ.

ತೂಕ ಮತ್ತೆ ಏರಿಬಿಟ್ಟರೆ ಅನ್ನುವ ಭಯ ಇರುತ್ತದೆ. ಮೊದಲ ವಾರ ಒಂದು, ಒಂದೂವರೆ ಕೆಜಿ ಏರಬಹುದು. ಅದು ಕೊಬ್ಬಲ್ಲ. ಗ್ಲೈಕೋಜನ್ ಜೊತೆಗೆ ನೀರೂ ಸೇರಿ ಸ್ನಾಯುವಿನಲ್ಲಿ ತುಂಬಿಕೊಳ್ಳುತ್ತದೆ. ತೂಕದ ಮಿಷನ್ನನ್ನು ಮೂರು ವಾರ ಮಂಚದ ಕೆಳಗೆ ತಳ್ಳಿಬಿಡಿ.

ಈಗ ಬಹಳ ಮುಖ್ಯವಾದ ಮಾತು. ಓವರ್‌ಟ್ರೇನಿಂಗ್ ಅಂತ ಹೇಳುವುದು ಬೇರೆಲ್ಲ ಕಾರಣ ಇಲ್ಲ ಅಂತ ಖಾತ್ರಿಯಾದ ಮೇಲೆ. ಸುಸ್ತು, ನಿದ್ದೆಗೇಡು, ತೂಕ ಇಳಿಯುವುದು, ನಾಡಿ ಏರುವುದು, ಇವೆಲ್ಲ ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಬರುತ್ತವೆ. ರಕ್ತಹೀನತೆಯಲ್ಲೂ ಸುಸ್ತು ಇರುತ್ತದೆ, ನಾಡಿ ಏರುತ್ತದೆ. ಸಕ್ಕರೆ ಕಾಯಿಲೆ ಶುರುವಾದಾಗಲೂ ಬರಬಹುದು. ಡೆಂಗಿ, ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ವಾರಗಟ್ಟಲೆ ಸುಸ್ತು, ಕೀಲುನೋವು ಉಳಿಯುತ್ತದೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯ ಇದೆಯಾ ಅಂತ ಕಫ ಪರೀಕ್ಷೆ ಆಗಲೇಬೇಕು. ಖಿನ್ನತೆಯೂ ಹೀಗೇ ಕಾಣುತ್ತದೆ. ಆದ್ದರಿಂದ ಒಮ್ಮೆ ವೈದ್ಯರನ್ನು ಕಂಡು ಹಿಮೋಗ್ಲೋಬಿನ್ ಸೇರಿದ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ವಿಟಮಿನ್ ಡಿ ಮತ್ತು ಬಿ12 ಮಾಡಿಸಿ. ದಿನವೆಲ್ಲ ರೈಲು, ಆಫೀಸಿನ ಒಳಗೇ ಇರುವವರಲ್ಲಿ ಡಿ ಕಡಿಮೆ ಇರುವುದು ಮಾಮೂಲಿ. ಕಾರ್ಟಿಸಾಲ್, ಟೆಸ್ಟೋಸ್ಟಿರಾನ್ ಅಂತ ಸಾವಿರಾರು ರೂಪಾಯಿಯ ಹಾರ್ಮೋನ್ ಪರೀಕ್ಷೆಗಳ ಪ್ಯಾಕೇಜಿಗೆ ಬೀಳಬೇಡಿ. ಓವರ್‌ಟ್ರೇನಿಂಗ್ ಇದೆ ಅಂತ ಸಾಬೀತು ಮಾಡುವ ರಕ್ತ ಪರೀಕ್ಷೆ ಒಂದೂ ಇಲ್ಲ.

ನಮ್ಮ ಭಾಗಕ್ಕೇ ಸೇರಿದ ಒಂದು ಕಾರಣ ಬೇರೆ ಕಡೆಯ ಲೇಖನಗಳಲ್ಲಿ ಕಾಣುವುದಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಪಾವಗಡ, ಬಾಗೇಪಲ್ಲಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ ಎನ್ನುತ್ತದೆ ಭಾರತದ ಮಾನದಂಡ. ವರ್ಷಗಟ್ಟಲೆ ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದವರಿಗೆ ಕತ್ತು, ಸೊಂಟ ಬಿಗಿಯಬಹುದು, ಕೀಲು ನೋಯಬಹುದು. ನಿಮ್ಮ ಪತ್ರದಲ್ಲಿ ಕೀಲುನೋವಿನ ಮಾತಿಲ್ಲ. ಆದರೆ ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಕಲೆ ಇದ್ದು, ಈಗ ಬೆನ್ನು ಬಾಗಿಸಲು ಕಷ್ಟ ಅಂತ ಹೇಳುವ ಹುಡುಗರಿಗೆ ನಾನು ಮೊದಲು ಕೇಳುವುದು ಕುಡಿಯುವ ನೀರು ಎಲ್ಲಿಯದು ಅಂತ. ಆಮೇಲೆ ಸ್ಕ್ವಾಟ್ ಎಷ್ಟು ಅಂತ.

ಕೆಲವು ಗುರುತು ಕಂಡರೆ ಒಂದು ದಿನವೂ ಕಾಯುವ ಮಾತಿಲ್ಲ. ಜೋರು ವ್ಯಾಯಾಮದ ಮಾರನೇ ದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ, ತೊಡೆಯೋ ತೋಳೋ ಊದಿ ಬಿಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿರುತ್ತದೆ, ಕಿಡ್ನಿಗೆ ಅಪಾಯ. ಬಹಳ ದಿನ ಬಿಟ್ಟು ಒಂದೇ ದಿನ ನೂರಾರು ಬಸ್ಕಿ ಹೊಡೆದವರಲ್ಲಿ ಇದು ಆಗುತ್ತದೆ. ವ್ಯಾಯಾಮದ ಮಧ್ಯೆ ಎದೆನೋವು, ತಲೆ ತಿರುಗಿ ಬೀಳುವುದು, ಎದೆ ತಾಳ ತಪ್ಪಿ ಬಡಿಯುವುದು ಆದರೂ ಅಷ್ಟೇ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎಷ್ಟೋ ತಾಯಂದಿರಿಗೆ ಜಿಮ್ ಅಂದರೆ ಎದೆ ನಡುಗುತ್ತದೆ. ನಿಮ್ಮ ಅಮ್ಮನ ಮಾತಿನ ಹಿಂದೆಯೂ ಆ ಭಯ ಇರಬಹುದು. ಒಬ್ಬರ ವಿಷಯ ಹಿಡಿದು ವ್ಯಾಯಾಮವೇ ಅಪಾಯ ಅನ್ನುವುದು ಸರಿಯಲ್ಲ. ಆದರೆ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಒಂದು ಇಸಿಜಿ, ವೈದ್ಯರು ಹೇಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಳ್ಳಿ. ಅವರಿಗೂ ಸಮಾಧಾನ.

ತುಮಕೂರಿನ ಎಂ.ಜಿ. ಸ್ಟೇಡಿಯಂನಲ್ಲಿ ಬೆಳಿಗ್ಗೆ ಓಡುವ ಹುಡುಗರಿಗೂ ಒಂದು ಮಾತು ಸೇರಿಸಿಬಿಡುತ್ತೇನೆ. ಕಾನ್ಸ್‌ಟೇಬಲ್ ಪರೀಕ್ಷೆಗೆ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು ಅಂತ ದಿನಾ ಬೆಳಿಗ್ಗೆ ಅದನ್ನೇ ಪ್ರಾಣ ಬಿಟ್ಟು ಓಡಿ ವಾಚು ನೋಡುತ್ತಾರೆ. ಅದು ತರಬೇತಿಯಲ್ಲ, ದಿನಾ ಪರೀಕ್ಷೆ ಬರೆದಂತೆ. ವಾರಕ್ಕೆ ಒಂದು ದಿನ ಟೈಮ್ ನೋಡಿ, ಒಂದು ದಿನ ತುಂಡುತುಂಡಾಗಿ ಜೋರು ಓಡಿ, ಉಳಿದ ಎರಡು ಮೂರು ದಿನ ಪಕ್ಕದವನ ಜೊತೆ ಮಾತಾಡುತ್ತಾ ಓಡಿ. ಮೊಣಕಾಲ ಕೆಳಗಿನ ಮುಂಗಾಲ ಮೂಳೆಯಲ್ಲಿ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಷ್ಟು ನಿಖರವಾಗಿ ನೋವಿದ್ದು, ಆ ಒಂದೇ ಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದಂತಾದರೆ ಮೂಳೆ ಬಿರುಕು ಇರಬಹುದು. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿ ಓಡಬೇಡಿ. ಮೊದಲ ವಾರಗಳ ಎಕ್ಸ್‌ರೇಯಲ್ಲಿ ಆ ಬಿರುಕು ಕಾಣದೆಯೂ ಇರಬಹುದು. ಹೆಣ್ಣುಮಕ್ಕಳಿಗೆ ಇನ್ನೊಂದು ಗುರುತಿದೆ: ತರಬೇತಿ ಜಾಸ್ತಿ ಮಾಡಿ ಊಟ ಕಡಿಮೆ ಮಾಡಿದಾಗ ಮುಟ್ಟು ಮೂರು ತಿಂಗಳು ನಿಂತರೆ, ಸದ್ಯ ತೊಂದರೆ ತಪ್ಪಿತು ಅಂತ ಸುಮ್ಮನಿರಬೇಡಿ. ಮೂಳೆ ಸವೆಯಲು ಶುರುವಾಗುವ ಹೊತ್ತು ಅದು. ಸ್ತ್ರೀರೋಗ ತಜ್ಞರನ್ನು ಕಾಣಿ.

ಇನ್ನು ನಿಮ್ಮ ಮುಂದಿನ ವಾರಗಳು. ಮೊದಲ ಹತ್ತು ದಿನ ತೂಕ ಎತ್ತುವುದು, ಹಗ್ಗ, ಬೆಟ್ಟ ಮೂರೂ ಬೇಡ. ಬೇಸರ ಆದರೆ ಅಮಾನಿಕೆರೆ ದಡದಲ್ಲಿ ಅರ್ಧ ಗಂಟೆ ನಡೆಯಿರಿ, ಫೋನಿನಲ್ಲಿ ಮಾತಾಡಿಕೊಂಡು ನಡೆಯುವಷ್ಟು ನಿಧಾನ. ಅಲಾರಂ ಆರು ಗಂಟೆಗೆ ಇಡಿ. ರಾತ್ರಿ ಹತ್ತೂವರೆಗೆ ದೀಪ ಆರಲಿ. ಈ ಹತ್ತು ದಿನಕ್ಕೆ ನಾನು ಕೊಡುವ ಔಷಧಿ ನಿದ್ದೆಯೇ. ಮೂರನೇ ನಾಲ್ಕನೇ ದಿನ ಇನ್ನೂ ಜಾಸ್ತಿ ಸುಸ್ತು ಅನ್ನಿಸಬಹುದು, ಕೆಫೀನ್ ಬಿಟ್ಟದ್ದಕ್ಕೆ. ಹೋಗುತ್ತದೆ.

ಹತ್ತು ದಿನದಲ್ಲಿ ಬೆಳೆಸಿದ್ದೆಲ್ಲ ಕರಗಿಹೋಗುತ್ತೆ ಅಂತ ಹೆದರಬೇಡಿ. ಎರಡು ಮೂರು ವಾರ ಬಿಟ್ಟರೂ ಸ್ನಾಯುವಿನ ಶಕ್ತಿ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಉಸಿರಿನ ದಮ್ಮು ಸ್ವಲ್ಪ ಬೇಗ, ಹತ್ತು ಹದಿನಾಲ್ಕು ದಿನದ ಮೇಲೆ ಇಳಿಯಲು ಶುರುವಾಗುತ್ತದೆ. ಅದನ್ನು ಉಳಿಸಿಕೊಳ್ಳಲು ಕೂಡ ದಿನಾ ಒದ್ದಾಡಬೇಕಿಲ್ಲ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವಾರಕ್ಕೆ ಆರು ದಿನ ತರಬೇತಿ ಪಡೆದವರನ್ನು ನಾಲ್ಕು ಅಥವಾ ಎರಡೇ ದಿನಕ್ಕೆ ಇಳಿಸಿದರು. ಜೋರು ಮಾತ್ರ ಹಾಗೇ ಇಟ್ಟರು. ಹದಿನೈದು ವಾರ ಅವರ ದಮ್ಮು ಇಳಿಯಲಿಲ್ಲ.

ಹತ್ತು ದಿನ ಆದ ಮೇಲೆ ಎರಡು ವಾರ, ವಾರಕ್ಕೆ ಮೂರೇ ದಿನ ಜಿಮ್. 40 ನಿಮಿಷ, ಐದು ಅಂಕದ ಕಷ್ಟ. ಬೆಂಚ್ ಪ್ರೆಸ್ 40 ಕೆಜಿಯಿಂದ ಶುರು ಮಾಡಿ, ಇನ್ನೂ ಮೂರು ನಾಲ್ಕು ಸಲ ಎತ್ತಬಹುದು ಅನ್ನುವಾಗಲೇ ಕೆಳಗಿಡಿ. ಎರಡು ದಿನ ನಡಿಗೆ. ಉಳಿದ ಎರಡು ದಿನ ಏನೂ ಇಲ್ಲ. ಅಲ್ಲಿಂದ ಮುಂದೆ ನಿಮ್ಮಂಥ ರೈಲು ಪ್ರಯಾಣಿಕರಿಗೆ ನಾನು ಹೇಳುವ ವಾರ ಹೀಗೆ: ಮೂರು ಬೆಳಿಗ್ಗೆ ಜಿಮ್, ಗಂಟೆ ಮೀರಬಾರದು, ಆರು ಅಂಕ. ಶನಿವಾರ 40 ನಿಮಿಷ ನಿಧಾನ ಓಟ, ನಾಲ್ಕು ಅಂಕ. ಭಾನುವಾರ ಒಂದು ಗಂಟೆ ಹತ್ತು ನಿಮಿಷ ಉದ್ದ ಓಟ ಅಥವಾ ಬೆಟ್ಟ, ಐದು ಅಂಕ, ಎರಡರಲ್ಲಿ ಒಂದು. ಸೋಮವಾರ ರಜೆ. ಲೆಗ್ ಡೇ ಬುಧವಾರಕ್ಕೆ. ಒಟ್ಟು 1600ರ ಹತ್ತಿರ. 5550 ಎಲ್ಲಿ, 1600 ಎಲ್ಲಿ ಅಂತ ನಿಮಗೆ ನಗು ಬರಬಹುದು. ಆರೋಗ್ಯಕ್ಕೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ, ಎರಡು ದಿನ ಸ್ನಾಯುವಿನ ಕೆಲಸ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಇದರಲ್ಲೇ ಅಷ್ಟೂ ಬಂತು. ಏರಿಸುವುದಿದ್ದರೆ ವಾರಕ್ಕೆ ನೂರಿನ್ನೂರು ಅಂಕ, ಅದಕ್ಕಿಂತ ಬೇಡ. ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ಐದು ಗಂಟೆಗಿಂತ ಕಡಿಮೆ ನಿದ್ದೆಯಾದ ದಿನ ಜಿಮ್ ಇದ್ದರೂ ಮಲಗಿ. ರಾತ್ರಿ ಎಂಟರ ಮೇಲೆ ಏದುಸಿರು ಬರುವ ಕೆಲಸ ಇನ್ನು ಬೇಡವೇ ಬೇಡ.

ಟ್ರೇನರ್ ಮೇಲೆ ಸಿಟ್ಟಾಗಬೇಡಿ. ಆತ ನೋಡುವುದು ನಿಮ್ಮ 75 ನಿಮಿಷ, ಉಳಿದ ದಿನ ಆತನಿಗೆ ಕಾಣುವುದಿಲ್ಲ. ಈ ಅಂಕದ ಲೆಕ್ಕವನ್ನು ನಿದ್ದೆಯ ಗಂಟೆಗಳ ಜೊತೆ ಒಂದು ಪುಸ್ತಕದಲ್ಲಿ ಬರೆದು ತೋರಿಸಿ. ಅದನ್ನು ನೋಡಿದ ಮೇಲೂ ಇನ್ನೊಂದು ಡಬ್ಬಿ ಮಾರಲು ಬಂದರೆ ಟ್ರೇನರ್ ಬದಲಾಯಿಸಿ.

10 ಕಿ.ಮೀ. ಓಟಕ್ಕೆ ಎರಡು ತಿಂಗಳಿದೆ ಅಂದಿರಿ. ಮೊದಲ ಮೂರೂವರೆ ವಾರ ಚೇತರಿಕೆಗೆ ಹೋದರೆ ಐದು ವಾರ ಕೈಯಲ್ಲಿ ಉಳಿಯುತ್ತದೆ. ಪದಕ, ಟೈಮ್ ಎಲ್ಲ ಮರೆತು, ಎರಡು ಕಿ.ಮೀ.ಗೊಮ್ಮೆ ಒಂದು ನಿಮಿಷ ನಡೆದು, ಆರಾಮಾಗಿ ಮುಗಿಸಲು ಅದು ಸಾಕು. ಆದರೆ ಮೂರೂವರೆ ವಾರ ಕಳೆದರೂ ನಾಡಿ 70ರ ಮೇಲೇ ಇದ್ದು, 50 ಕೆಜಿ ಬೆಂಚ್ ಪ್ರೆಸ್ಸೇ ಭಾರ ಅನ್ನಿಸಿದರೆ ಈ ಸಲದ ಓಟ ಬಿಟ್ಟುಬಿಡಿ. ರಕ್ತ ಪರೀಕ್ಷೆಯ ರಿಪೋರ್ಟ್ ಮತ್ತು ಆ ಪುಸ್ತಕ ಎರಡನ್ನೂ ಹಿಡಿದು ವೈದ್ಯರ ಹತ್ತಿರ ಇನ್ನೊಮ್ಮೆ ಹೋಗಿ.